ಆಲಿಸುವ ವಿದ್ಯೆ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಊಟದ ವಿಷಯವನ್ನಾದರೂ ಶಾಲೆಯಲ್ಲಿ ಆರೋಗ್ಯದ ಪಾಠವೆಂದು ಕಲಿಸಿದರು. ಆದರೆ ಮಾತು ಬಲ್ಲವರಾಗುವುದು ಹೇಗೆಂಬುದನ್ನು ಒಂದನೆಯ ಇಯತ್ತೆಯಿಂದ ಪದವಿಯ ವರೆಗೆ ಯಾವ ತರಗತಿಯಲ್ಲಿಯೂ ಪಾಠವಾಗಿ ಹೇಳಿಕೊಡುವುದಿಲ್ಲ. ಭಾಷಣಸ್ಪರ್ಧೆಗಳುಂಟು, ಚರ್ಚಾಕೂಟಗಳುಂಟು, ಚೆನ್ನಾಗಿ ಮಾತನಾಡಿದವರಿಗೆ ಬಹುಮಾನವೂ ಉಂಟು. ಚೆನ್ನಾಗಿ ಕೇಳಿದವನಿಗೆ ಬಹುಮಾನ ಕೊಟ್ಟ ಸಭೆಯನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ.

ನೊಂದವನ ಮಾತನ್ನು ಆಲಿಸುವುದು, ತನ್ನ ಮನಸ್ಸಿನಲ್ಲಿದ್ದುದನ್ನು ಎದುರಿನವನಿಗೆ ತಿಳಿಯುವಂತೆ ಹೇಳುವುದು, ಇಬ್ಬರ ನಡುವಿನ ವ್ಯಾಜ್ಯವನ್ನು ಹೊಡೆದಾಟಕ್ಕೆ ಹೋಗದಂತೆ ಬಗೆಹರಿಸುವುದು, ಈ ಮೂರಕ್ಕೆ ಇಂದು ಆಪ್ತಸಮಾಲೋಚನೆ, ಸಂವಹನ, ಸಂಘರ್ಷ ನಿರ್ವಹಣೆ ಎಂಬ ದೊಡ್ಡ ಹೆಸರುಗಳಿವೆ. ಇವುಗಳ ಮೊದಲ ಪಾಠಗಳು ಮನಶ್ಶಾಸ್ತ್ರ ಓದುವವರಿಗೆ ಮಾತ್ರವಲ್ಲದೆ ಕಾಲೇಜಿನ ಪ್ರತಿಯೊಬ್ಬ ವಿದ್ಯಾರ್ಥಿಗೂ, ನಮ್ಮ ಮಾತಿನಲ್ಲಿಯೇ, ಉಪನ್ಯಾಸದಿಂದಲ್ಲದೆ ಅಭ್ಯಾಸದಿಂದ ದೊರೆಯಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಗುರುಗಳ ಮತ್ತು ಸಹಪಾಠಿಗಳ ಮುಂದಿಡಲು ಅಪ್ಪಣೆ ಬೇಡುತ್ತೇನೆ.

"ಇದನ್ನೇನು ಕಲಿಸುವುದು? ಮನೆಯ ಹಿರಿಯರನ್ನು ನೋಡಿ ತಾನಾಗಿಯೇ ಬರುತ್ತದೆ" ಎಂದು ಕೆಲವರು ಹೇಳಬಹುದು. ನಾನು ಕೋಟನೂರಿನವನು. ಜಗಳ ಬಂದರೆ ಹಿರಿಯರನ್ನು ಕೂಡಿಸಿ ನ್ಯಾಯ ಹೇಳಿಸುವ ಪದ್ಧತಿ ನಮ್ಮ ಭಾಗದ ಹಳ್ಳಿಗಳಿಗೆ ಹೊಸದಲ್ಲ. ಆ ಕಟ್ಟೆಯ ಮೇಲೆ ಎರಡೂ ಕಡೆಯ ಮಾತನ್ನು ಕೇಳಿದ ಬಳಿಕವೇ ತೀರ್ಮಾನ ಹೇಳುವ ದೊಡ್ಡ ಗುಣವಿತ್ತು. ಆದರೆ ಹೆಣ್ಣುಮಕ್ಕಳಿಗೂ ಕೆಳಗಿನವರೆನಿಸಿಕೊಂಡ ಜಾತಿಗಳವರಿಗೂ ಅಲ್ಲಿ ಆಸನವಿರಲಿಲ್ಲವೆಂಬುದನ್ನು ಮರೆಯಬಾರದು. ಈಗ ಕಲಬುರಗಿ ನಗರವೇ ಬೆಳೆದು ಕೋಟನೂರಿನ ತನಕ ಬಂದಿದೆ. ಚಿಂಚೋಳಿ, ಸೇಡಂ, ಆಳಂದ, ಜೇವರ್ಗಿ, ಕಮಲಾಪುರಗಳ ಕಡೆಯಿಂದ ಓದಲು ಬಂದವರು ಒಂದೇ ಕೋಣೆಯಲ್ಲಿ ಇರುತ್ತಾರೆ. ಒಬ್ಬನ ಮನೆಮಾತು ಕನ್ನಡ, ಇನ್ನೊಬ್ಬನದು ದಖ್ಖನಿ ಉರ್ದು, ಮತ್ತೊಬ್ಬನದು ಲಂಬಾಣಿ. ಇವರ ನಡುವೆ ಮನಸ್ತಾಪ ಬಂದರೆ ಯಾವ ಊರಿನ ಕಟ್ಟೆಗೆ ಹೋಗಬೇಕು? ಹಳೆಯ ಕಟ್ಟೆ ಕೈಬಿಟ್ಟಿತು, ಹೊಸದನ್ನು ಯಾರೂ ಕಟ್ಟಲಿಲ್ಲ. ಅದನ್ನು ಕಟ್ಟುವ ಹೊಣೆ ಕಾಲೇಜಿನದು.

ಮೊದಲು ಆಲಿಸುವ ವಿಷಯವನ್ನೇ ತೆಗೆದುಕೊಳ್ಳೋಣ. ತೊಗರಿ ಕೈಕೊಟ್ಟ ವರ್ಷ ಮನೆಯಲ್ಲಿ ಸಾಲವೇರಿ, "ಇನ್ನು ಓದು ಸಾಕು" ಎಂಬ ಮಾತು ಕೇಳಿ ಬಂದ ಗೆಳೆಯನೊಬ್ಬ ಮುಖ ಬಾಡಿಸಿಕೊಂಡು ಕುಳಿತಿದ್ದಾನೆಂದು ತಿಳಿಯಿರಿ. ಅವನಿಗೆ ನಾಲ್ಕು ಜನರಿಂದ ನಾಲ್ಕು ಉತ್ತರಗಳು ಬರುತ್ತವೆ. "ಹೋಗಲಿ ಬಿಡು, ಎಲ್ಲಾರ ಮನ್ಯಾಗೂ ಇದ್ದದ್ದೇ" ಎನ್ನುವವನೊಬ್ಬ, "ಗಂಡಸಾಗಿ ಅಳ್ತೀಯೇನು?" ಎನ್ನುವವನೊಬ್ಬ, ತನ್ನ ಮನೆಯ ಕಷ್ಟವನ್ನೇ ಅರ್ಧ ತಾಸು ಹೇಳುವವನೊಬ್ಬ, ಕೂಡಲೇ ಐದು ಉಪಾಯ ಸೂಚಿಸುವವನು ಮತ್ತೊಬ್ಬ. ನಾಲ್ವರೂ ಒಳ್ಳೆಯವರೇ. ಆದರೆ ನಾಲ್ವರೂ ಅವನ ಬಾಯಿ ಮುಚ್ಚಿಸಿದರು! "ಏನಾಗ್ಯಾದ ತಮ್ಮ, ಹೇಳು" ಎಂದು ಹತ್ತಿರ ಕುಳಿತು, ನಡುವೆ ಬಾಯಿ ಹಾಕದೆ ಕೇಳಿ, "ಅಂದ್ರ ಓದು ನಿಲ್ಲಿಸೋದಕ್ಕಿಂತ ಅಪ್ಪನ ಮುಖಾ ನೋಡೋದೇ ನಿನಗ ಹೆಚ್ಚು ಸಂಕಟ ಆಗ್ಯಾದ, ಹೌದಲ್ಲ?" ಎಂದು ಅವನ ಮಾತಿನ ತಿರುಳನ್ನು ಅವನಿಗೇ ಒಪ್ಪಿಸಿದವನು ಐದನೆಯವನು. ಅವನು ಸಾಲ ತೀರಿಸಲಿಲ್ಲ, ಸಲಹೆಯನ್ನೂ ಕೊಡಲಿಲ್ಲ. ಆದರೂ ನೊಂದವನಿಗೆ ತನ್ನ ದಾರಿಯನ್ನು ತಾನೇ ಯೋಚಿಸುವಷ್ಟು ಉಸಿರು ಬಂದಿತು. ಆಪ್ತಸಲಹೆ ಎಂಬ ಹೆಸರಿನಲ್ಲಿಯೇ ಸಲಹೆಯಿರುವುದರಿಂದ ಜನರು ಮೋಸಹೋಗುತ್ತಾರೆ. ಅದರಲ್ಲಿ ಸಲಹೆಯ ಪಾಲು ಕಡಿಮೆ, ಆಲಿಸುವ ಪಾಲೇ ಹೆಚ್ಚು.

ಅಮೇರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1942ರಲ್ಲಿಯೂ 1951ರಲ್ಲಿಯೂ ಪ್ರಕಟಿಸಿದ ತಮ್ಮ ಗ್ರಂಥಗಳಲ್ಲಿ ಪ್ರತಿಪಾದಿಸಿದ ತತ್ತ್ವವೂ ಇದೇ. ನೊಂದವನನ್ನು ಅಳೆಯದೆ, ತೂಗದೆ, ಅವನ ಕಣ್ಣಿನಿಂದಲೇ ಅವನ ಲೋಕವನ್ನು ಕಾಣಲು ಯತ್ನಿಸಬೇಕೆಂದು ಅವರು ಹೇಳಿದರು. ಲಂಡನ್ನಿನಲ್ಲಿ 1953ರಲ್ಲಿ ಚಾಡ್ ವಾರಾ ಎಂಬ ಪಾದ್ರಿಯು ಆತ್ಮಹತ್ಯೆಯ ಯೋಚನೆಯಲ್ಲಿದ್ದವರಿಗಾಗಿ ಒಂದು ಸೇವೆಯನ್ನು ತೆರೆದನು. ಅವನ ಸರದಿಗಾಗಿ ಕಾದು ಕುಳಿತವರೊಡನೆ ಸಾಮಾನ್ಯ ಸ್ವಯಂಸೇವಕರು ಚಹ ಕೊಟ್ಟು ಮಾತನಾಡುತ್ತಿದ್ದರು. ಅಷ್ಟರಿಂದಲೇ ಎಷ್ಟೋ ಮಂದಿಗೆ ಸಮಾಧಾನ ದೊರಕುತ್ತಿದ್ದುದನ್ನು ಕಂಡು, ಅವನು ಆ ಕೆಲಸವನ್ನು ಸ್ವಯಂಸೇವಕರಿಗೇ ಒಪ್ಪಿಸಿದನು. ಸಮಾರಿಟನ್ಸ್ ಎಂಬ ಪ್ರಸಿದ್ಧ ಸಂಸ್ಥೆ ಬೆಳೆದುದು ಹೀಗೆ.

ಇಷ್ಟು ದೂರ ಹೋಗುವುದೇಕೆ? ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿಯನ್ನೇ ನೋಡಬಹುದು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಆ ಜಿಲ್ಲೆಯಲ್ಲಿ ಒಂದು ಪ್ರಯೋಗವನ್ನು ಕೈಕೊಂಡಿತು. ಹಳ್ಳಿಹಳ್ಳಿಗೆ ಮನೋವೈದ್ಯರನ್ನು ಕಳಿಸುವುದು ಅಸಾಧ್ಯವಾದ್ದರಿಂದ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿಯನ್ನು ಕೊಟ್ಟು, ಮನೋರೋಗವನ್ನು ಗುರುತಿಸುವುದನ್ನೂ ಪ್ರಾಥಮಿಕ ಚಿಕಿತ್ಸೆಯನ್ನೂ ಕಲಿಸಿದರು. 1996ರಲ್ಲಿ ಭಾರತ ಸರಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ ಬಳ್ಳಾರಿಯ ಪ್ರಯೋಗವೇ ಮಾದರಿಯಾಯಿತು. ತಜ್ಞರಲ್ಲದವರೂ ಮಿತಿಯರಿತು ಕಲಿತರೆ ನೆರವಾಗಬಲ್ಲರೆಂಬುದನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟ ಸೀಮೆ ನಮ್ಮದು. ಆ ಸೀಮೆಯ ಕಾಲೇಜುಗಳು ಹಿಂದೆ ಬೀಳುವುದು ಶೋಭಿಸುವುದಿಲ್ಲ.

ಇನ್ನು ಜಗಳದ ಮಾತು. ವಸತಿನಿಲಯದಲ್ಲಿ ದೀಪದ ಸಲುವಾಗಿ ನಡೆಯುವ ಕದನವನ್ನು ಅರಿಯದವರಾರು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವನಿಗೆ ರಾತ್ರಿ ಒಂದರ ತನಕ ದೀಪ ಬೇಕು. ಬೆಳಗಿನ ನಾಲ್ಕಕ್ಕೆ ಏಳುವವನಿಗೆ ಹತ್ತಕ್ಕೇ ಆರಬೇಕು. "ಹಚ್ಚು", "ಆರಿಸು" ಎಂಬಲ್ಲಿಯೇ ನಿಂತರೆ ಒಬ್ಬನು ಗೆದ್ದು ಒಬ್ಬನು ಸೋಲಲೇಬೇಕು. "ನಿನಗ ದೀಪಾ ಯಾಕ ಬೇಕು? ನಿನಗ ಕತ್ತಲಿ ಯಾಕ ಬೇಕು?" ಎಂದು ಕೇಳಿದರೆ ಒಬ್ಬನಿಗೆ ಬೇಕಾದುದು ಓದು, ಮತ್ತೊಬ್ಬನಿಗೆ ಬೇಕಾದುದು ನಿದ್ರೆ ಎಂದು ತಿಳಿಯುತ್ತದೆ. ಆಗ ಮೇಜಿನ ಸಣ್ಣ ದೀಪವೊಂದರಿಂದಲೋ ಹಾಸಿಗೆಯ ಸ್ಥಳ ಬದಲಿಸುವುದರಿಂದಲೋ ಇಬ್ಬರ ಕೆಲಸವೂ ಆಗುತ್ತದೆ. ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೇರಿಕದ ವಿದುಷಿಯು 1925ರಲ್ಲಿಯೇ ಇಂತಹ ಉದಾಹರಣೆಯನ್ನು ಕೊಟ್ಟಿದ್ದಾರೆ. ಗ್ರಂಥಾಲಯದಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕು, ಮತ್ತೊಬ್ಬರಿಗೆ ಮುಚ್ಚಬೇಕು. ಪಕ್ಕದ ಕೋಣೆಯ ಕಿಟಕಿಯನ್ನು ತೆರೆದಾಗ ಗಾಳಿಯೂ ಬಂದಿತು, ಮೈಮೇಲೆ ಬೀಸುವುದೂ ತಪ್ಪಿತು. ಹಟದ ಹಿಂದಿರುವ ಅಗತ್ಯವನ್ನು ಹುಡುಕುವುದೇ ಈ ವಿದ್ಯೆಯ ಗುಟ್ಟು. ನಮ್ಮ ನ್ಯಾಯಾಲಯಗಳ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಮಧ್ಯಸ್ಥರಾಗಲು ಅನುಭವಿ ವಕೀಲರೂ 40 ಗಂಟೆಗಳ ತರಬೇತಿಯನ್ನು ಪಡೆಯಬೇಕು. ಮಾತೇ ವೃತ್ತಿಯಾದವರಿಗೂ ಇದು ತಾನಾಗಿ ಬರುವುದಿಲ್ಲವೆಂದ ಮೇಲೆ ನಮಗೆ ಬರುವುದೆಂತು?

ಇಲ್ಲಿ ಒಂದು ಮುಖ್ಯ ಆಕ್ಷೇಪವಿದೆ. ಅದಕ್ಕೆ ಉತ್ತರ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. "ಸಂಧಾನ, ಸಮಾಧಾನ ಎಂಬುವು ಬಲ್ಲಿದರು ಬಡವರ ಬಾಯಿ ಮುಚ್ಚಿಸುವ ಉಪಾಯಗಳು" ಎಂಬುದೇ ಆ ಆಕ್ಷೇಪ. 2024ರ ಜನವರಿಯಲ್ಲಿ ನಮ್ಮ ಕೋಟನೂರಿನಲ್ಲಿ ಡಾ. ಅಂಬೇಡ್ಕರರ ಪ್ರತಿಮೆಗೆ ಅಪಮಾನವಾಯಿತು. ಕಲಬುರಗಿಯ ಬೀದಿಗಳಲ್ಲಿ ಪ್ರತಿಭಟನೆಗಳು ನಡೆದವು. ಅಂತಹ ಪ್ರಸಂಗದಲ್ಲಿ "ಇಬ್ಬರೂ ಕೈಕುಲುಕಿರಿ" ಎನ್ನುವುದು ಸಂಘರ್ಷ ನಿರ್ವಹಣೆಯಲ್ಲ, ಅನ್ಯಾಯದ ಮೇಲೆ ಹಚ್ಚಿದ ಸುಣ್ಣ. ಅಪರಾಧಕ್ಕೆ ಕಾನೂನು ಇದೆ. 1989ರ ದೌರ್ಜನ್ಯ ತಡೆ ಕಾಯಿದೆ ಇರುವುದು ಅದಕ್ಕಾಗಿಯೇ. ರ್‍ಯಾಗಿಂಗ್ ಆಗಲಿ, ಹೆಣ್ಣುಮಕ್ಕಳಿಗೆ ಕೊಡುವ ಕಿರುಕುಳವಾಗಲಿ ಗೆಳೆಯರು ಕುಳಿತು ರಾಜಿ ಮಾಡಿಸತಕ್ಕ ವಿಷಯಗಳಲ್ಲ. ಯಾವುದು ಮಾತಿನಿಂದ ಬಗೆಹರಿಯುವ ಮನಸ್ತಾಪ, ಯಾವುದು ದೂರು ಕೊಡಲೇಬೇಕಾದ ಅಪರಾಧ ಎಂಬ ವಿವೇಕವೇ ಈ ಶಿಕ್ಷಣದ ಮೊದಲ ಪಾಠವಾಗಬೇಕು. ಆದರೆ ಕಾನೂನು ತಪ್ಪಿತಸ್ಥನನ್ನು ಶಿಕ್ಷಿಸಬಲ್ಲುದು; ಮರುದಿನ ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳಬೇಕಾದ ಎರಡು ಓಣಿಗಳ ಹುಡುಗರನ್ನು ಮಾತನಾಡಿಸಲಾರದು. ಒಬ್ಬನ ಎದೆಗೆ ಆ ಅಪಮಾನ ಏಕೆ ಅಷ್ಟು ಆಳವಾಗಿ ತಾಗಿತೆಂಬುದನ್ನು ಇನ್ನೊಬ್ಬನು ತಲೆತಗ್ಗಿಸಿ ಕೇಳುವ ಒಂದು ತಾಸು ಯಾವ ಅಭ್ಯಾಸಕ್ರಮದಲ್ಲಿದೆ? ಅದು ಕಾಲೇಜಿನಲ್ಲಿ ಸಿಗದಿದ್ದರೆ ಮತ್ತೆಲ್ಲಿಯೂ ಸಿಗದು. ಜಾತಿ ಧರ್ಮಗಳ ಗೋಡೆ ದಾಟಿ ಎಲ್ಲರ ಮಕ್ಕಳೂ ಒಂದೇ ಸೂರಿನ ಕೆಳಗೆ ಕುಳಿತುಕೊಳ್ಳುವ ಸ್ಥಳ ಸರಕಾರಿ ಕಾಲೇಜೊಂದೇ.

ಎರಡನೆಯ ಆಕ್ಷೇಪ, "ಅರ್ಧ ಕಲಿತವನಿಂದ ಅಪಾಯ" ಎಂಬುದು. ಇದು ನಿಜ. ಆದುದರಿಂದಲೇ ಮಿತಿಯನ್ನೂ ಪಾಠವಾಗಿ ಕಲಿಸಬೇಕು. ಗೆಳೆಯನು ಹೇಳಿದ ಗುಟ್ಟನ್ನು ಊರಿಗೆ ಸಾರಬಾರದು. ಆದರೆ ಜೀವಕ್ಕೆ ಅಪಾಯವಿದ್ದಾಗ ಗುಟ್ಟೆಂದು ಸುಮ್ಮನಿರಲೂಬಾರದು. "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ನಿರಾಧಾರವೆಂದು ತಜ್ಞರು ಹೇಳುತ್ತಾರೆ, ಕೇಳುವುದರಿಂದ ನೊಂದವನಿಗೆ ಬಾಯಿ ಬಿಡಲು ದಾರಿಯಾಗುತ್ತದೆ. ಹೌದೆಂದರೆ ಅವನನ್ನು ಒಬ್ಬನನ್ನೇ ಬಿಡದೆ ಅಧ್ಯಾಪಕರಿಗೆ, ವೈದ್ಯರಿಗೆ ತಿಳಿಸಬೇಕು. 2022ರ ಅಕ್ಟೋಬರದಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ಈ ಸಂಖ್ಯೆ ಪ್ರತಿ ವಿದ್ಯಾರ್ಥಿಗೂ ಬಾಯಿಪಾಠವಾಗಿರಬೇಕು. 2025ರ ಜುಲೈಯಲ್ಲಿ ಸುಪ್ರೀಮ್ ಕೋರ್ಟು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ವಿದ್ಯಾಸಂಸ್ಥೆಯಲ್ಲಿಯೂ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕೆಂದು ಮಾರ್ಗಸೂಚಿ ವಿಧಿಸಿದೆ. ಇದು ಸ್ವಾಗತಾರ್ಹ. ಆದರೆ ಸಾವಿರಾರು ವಿದ್ಯಾರ್ಥಿಗಳಿಗೆ ಒಬ್ಬರು ಎಷ್ಟೆಂದು ಕೇಳಿಯಾರು? ರಾತ್ರಿ ಹನ್ನೊಂದರ ಹೊತ್ತಿಗೆ ನೊಂದವನ ಬಳಿ ಇರುವವನು ಸಮಾಲೋಚಕನಲ್ಲ, ಕೋಣೆಯ ಗೆಳೆಯ. ಅವರ ಬಾಗಿಲಿನ ತನಕ ಕರೆದೊಯ್ಯಲು ಈ ಗೆಳೆಯನೇ ಬೇಕು.

ಕಲಿಸುವ ಬಗೆ ಹೇಗೆ? ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲಿ ಹೊರತಂದ ಜೀವನ ಕೌಶಲ ಪಠ್ಯಕ್ರಮದಲ್ಲಿ ಸಂವಹನಕ್ಕೆ ಸ್ಥಾನವುಂಟು. ಆದರೆ ಸಂವಹನವೆಂದರೆ ಇಂಗ್ಲಿಷು ಮಾತನಾಡುವುದು, ಸಂದರ್ಶನಕ್ಕೆ ಹೋಗುವುದು ಎಂಬ ಭಾವನೆಯೇ ನಮ್ಮಲ್ಲಿ ಬೇರೂರಿದೆ. ದುಃಖವನ್ನೂ ಸಿಟ್ಟನ್ನೂ ಯಾರೂ ಪರಭಾಷೆಯಲ್ಲಿ ತೋಡಿಕೊಳ್ಳುವುದಿಲ್ಲ. ಆದ್ದರಿಂದ ಒಂದು ಷಾಣ್ಮಾಸಿಕದಲ್ಲಿ ಮೂವತ್ತು ತಾಸು ಮೀಸಲಿಟ್ಟು, ವಿದ್ಯಾರ್ಥಿಗಳನ್ನು ಮೂವರು ಮೂವರಂತೆ ಕೂಡಿಸಲಿ: ಒಬ್ಬನು ಹೇಳಲಿ, ಒಬ್ಬನು ಕೇಳಲಿ, ಒಬ್ಬನು ನೋಡಿ ತಿದ್ದಲಿ, ಬಳಿಕ ಸರದಿ ಬದಲಾಗಲಿ. ಕನ್ನಡ, ಉರ್ದು, ಲಂಬಾಣಿ, ಮನೆಯಲ್ಲಿ ಆಡುವ ಯಾವ ಮಾತಿಗೂ ಅಲ್ಲಿ ಅಡ್ಡಿಯಿರಬಾರದು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ, ಸಮಾಜಕಾರ್ಯ ವಿಭಾಗಗಳಿವೆ. ಅವುಗಳ ನೆರವಿನಿಂದ ಮೊದಲು ನಮ್ಮ ಅಧ್ಯಾಪಕರು ತರಬೇತಿ ಪಡೆಯಲಿ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳು ಅಭ್ಯಾಸದ ಮೈದಾನಗಳಾಗಲಿ. ದಯವಿಟ್ಟು ಇದಕ್ಕೆ ಮಾತ್ರ ಪ್ರಶ್ನಪತ್ರಿಕೆ ಬೇಡ! ಈಜು ಕಲಿತವನನ್ನು ಬಾವಿಯಲ್ಲಿ ಪರೀಕ್ಷಿಸಬೇಕೇ ಹೊರತು ಕಾಗದದ ಮೇಲಲ್ಲ.

ಪ್ರಿಯ ಸಹಪಾಠಿಗಳೇ, ಪದವಿ ಪಡೆದ ಮೇಲೆ ನಮ್ಮಲ್ಲಿ ಕೆಲವರು ಶಿಕ್ಷಕರಾಗುವರು, ಕೆಲವರು ಪೊಲೀಸರಾಗುವರು, ಕೆಲವರು ಗ್ರಾಮ ಪಂಚಾಯಿತಿಯಲ್ಲಿ ಕುಳಿತುಕೊಳ್ಳುವರು. ಬಹುತೇಕ ಎಲ್ಲರೂ ಸಂಸಾರ ಮಾಡುವರು. ಪಾಣಿಪತ್ತದ ಯುದ್ಧಗಳ ಇಸವಿಗಳನ್ನು ನಾವು ಮರೆತರೂ ಲೋಕಕ್ಕೆ ಹಾನಿಯಿಲ್ಲ. ಮುಂದೆ ಕುಳಿತವರ ಕಣ್ಣೀರನ್ನೂ ಕೋಪವನ್ನೂ ಓದಲು ಬಾರದೆ ಹೋದರೆ ಆಗುವ ಹಾನಿಯನ್ನು ನಮ್ಮ ಮಕ್ಕಳೂ ಅನುಭವಿಸಬೇಕಾಗುತ್ತದೆ. ಪಾಠಕ್ರಮ ಬರುವ ತನಕ ಕಾಯಬೇಕಾದುದೂ ಇಲ್ಲ. ಈ ಸಂಚಿಕೆಯನ್ನು ಮುಚ್ಚಿಟ್ಟ ಬಳಿಕ ಪಕ್ಕದಲ್ಲಿರುವವರನ್ನು "ಹ್ಯಾಂಗಿದ್ದೀರಿ?" ಎಂದು ಕೇಳಿ, ಉತ್ತರ ಮುಗಿಯುವ ತನಕ ಸುಮ್ಮನಿರುವ ಅಭ್ಯಾಸವನ್ನು ನಾವೆಲ್ಲರೂ ಇಂದೇ ಆರಂಭಿಸಬಹುದು.