ಒಲವೂ ನಗೆಯೂ

ಪ್ರೇಮದ ಕಥೆಯನ್ನು ನಗುನಗುತ್ತ ಹೇಳುವ ಕಾದಂಬರಿಕಾರರಿಗೆ ನಮ್ಮ ಸಾಹಿತ್ಯದ ಪಂಕ್ತಿಯಲ್ಲಿ ದೊರೆಯುವುದು ಕಡೆಯ ಎಲೆ. ದುರಂತವನ್ನು ಬರೆದವರನ್ನು ಗಂಭೀರ ಲೇಖಕರೆಂದು ಕರೆದು ಮಣೆ ಹಾಕುತ್ತೇವೆ. ಗಂಡುಹೆಣ್ಣುಗಳ ಮುನಿಸು, ತಪ್ಪು ತಿಳಿವಳಿಕೆ, ಪೇಚಾಟಗಳನ್ನು ಬರೆದು ಕೊನೆಗೆ ಮದುವೆಯ ಹಂದರ ಹಾಕಿಸಿದವರನ್ನು ಹೊತ್ತು ಕಳೆಯಲು ಬರೆಯುವವರೆಂದು ಬದಿಗಿಡುತ್ತೇವೆ. ಈ ತೀರ್ಪು ನ್ಯಾಯವಾದುದಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಈ ಅಭಿಪ್ರಾಯಕ್ಕೆ ನಾನು ಬಂದುದು ತಡವಾಗಿ. ಅದೂ ಒಂದು ತಪ್ಪನ್ನು ಮಾಡಿದ ಮೇಲೆ.

ಬೀದರ ಜಿಲ್ಲೆಯ ರಾಜೇಶ್ವರದ ಸುತ್ತಿನ ಒಂದು ಶಾಲೆಯಲ್ಲಿ ನಾನು ಕನ್ನಡ ಕಲಿಸತೊಡಗಿದ ಮೊದಲ ವರ್ಷಗಳ ಮಾತಿದು. ಅಂದು ಹಳಗನ್ನಡದ ಪದ್ಯವೊಂದರ ಅನ್ವಯವನ್ನು ಬಿಡಿಸಿ ಹೇಳುತ್ತಿದ್ದೆ. ಕಡೆಯ ಸಾಲಿನ ಹುಡುಗಿಯೊಬ್ಬಳು ತಲೆ ತಗ್ಗಿಸಿ, ಸೆರಗಿನಂತೆ ಹೊದ್ದ ದಾವಣಿಯ ತುದಿಯನ್ನು ಬಾಯಿಗೆ ಒತ್ತಿ ಹಿಡಿದು ನಗೆಯನ್ನು ತಡೆದುಕೊಳ್ಳುತ್ತಿದ್ದಳು. ಹತ್ತಿರ ಹೋಗಿ ನೋಡಿದರೆ ತೊಡೆಯ ಮೇಲೊಂದು ಕಾದಂಬರಿ. ಕೈಯಿಂದ ಕೈಗೆ ದಾಟಿ ದಾಟಿ ಅದರ ರಕ್ಷಾಪುಟವೂ ಮೊದಲ ಹಾಳೆಗಳೂ ಉದುರಿಹೋಗಿದ್ದವು. ಕಥೆಯ ಹೆಸರಾಗಲಿ ಬರೆದವರ ಹೆಸರಾಗಲಿ ಅದರಲ್ಲಿ ಉಳಿದಿರಲಿಲ್ಲ. “ಅದು ನಮ್ಮ ವೈನೀದು ರೀ ಸರ್” ಎಂದಳು ಹುಡುಗಿ. ಇಡೀ ತರಗತಿಯ ಎದುರಿಗೆ ಅವಳಿಗೆ ಸದಭಿರುಚಿಯ ಬಗೆಗೆ ದೀರ್ಘವಾದ ಉಪದೇಶವನ್ನು ಮಾಡಿ, ಪುಸ್ತಕವನ್ನು ಕಸಿದುಕೊಂಡು ಬಂದೆ.

ಅದರ ಅಭಿರುಚಿಹೀನತೆಗೆ ಸಾಕ್ಷ್ಯ ಸಂಗ್ರಹಿಸಬೇಕೆಂದು ಅಂದು ರಾತ್ರಿ ಪುಟ ತೆರೆದವನು ಮುಗಿಸದೆ ಏಳಲಿಲ್ಲ. ಒಂದು ಪತ್ರ ತಪ್ಪಿದ ವಿಳಾಸಕ್ಕೆ ಹೋಗಿ ಎರಡು ಮನೆಗಳಲ್ಲಿ ಎಬ್ಬಿಸುವ ಗೊಂದಲವೇ ಅದರ ಕಥೆ. ಪತ್ರವನ್ನು ಹುಡುಗಿಯ ಸೋದರಮಾವ ಗಟ್ಟಿಯಾಗಿ ಓದುವ ಪುಟದಲ್ಲಿ ನಾನು ಒಬ್ಬನೇ ಕುಳಿತು ನಕ್ಕೆ. ನಕ್ಕ ಮೇಲೆ, ನಗು ಬಂದುದಾದರೂ ಹೇಗೆಂದು ಹಿಂದಿನ ಪುಟಗಳನ್ನು ತಿರುವಿದೆ. ಮಾವನಿಗೆ ಕನ್ನಡಕವಿಲ್ಲದೆ ಅಕ್ಷರ ಕಾಣದೆಂಬುದನ್ನೂ, ಹಠದಿಂದ ಆತ ಅದನ್ನು ಒಪ್ಪಿಕೊಳ್ಳುವುದಿಲ್ಲವೆಂಬುದನ್ನೂ ಲೇಖಕರು ಬಹಳ ಹಿಂದೆಯೇ, ಏನೂ ಅಲ್ಲವೆಂಬಂತೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗಿದ್ದರು. ಆ ಸಾಲನ್ನು ತೆಗೆದರೆ ನಗೆಯೂ ಇಲ್ಲ, ಕಥೆಯೂ ಇಲ್ಲ.

ಓದುಗನನ್ನು ಅಳಿಸಲು ಒಂದು ಸಾವು ಸಾಕಾಗಬಹುದು. ನಗಿಸಲು ಹಾಗೆ ಒಂದು ಘಟನೆ ಸಾಲದು. ಸಿದ್ಧತೆ ಬೇಕು, ತಾಳ್ಮೆ ಬೇಕು, ಮಾತನ್ನು ಎಲ್ಲಿ ನಿಲ್ಲಿಸಬೇಕೆಂಬ ಅರಿವು ಬೇಕು. ಒಂದು ವಾಕ್ಯ ಹೆಚ್ಚಾದರೆ ವಿನೋದ ಸತ್ತುಹೋಗುತ್ತದೆ. ಒಲವಿನ ಕಥೆಯಲ್ಲಂತೂ ಈ ಕಷ್ಟ ಇಮ್ಮಡಿಯಾದುದು; ಏಕೆಂದರೆ ನಾವು ಆ ಇಬ್ಬರನ್ನು ಕಂಡು ನಗಬೇಕು, ಆದರೆ ಅವರ ಒಲವನ್ನು ಕಂಡು ನಗಬಾರದು.

ಇಂತಹ ಕಥೆಗಳ ಹಿರಿಯಕ್ಕ ಇಂಗ್ಲೆಂಡಿನ ಜೇನ್ ಆಸ್ಟಿನ್. ಪಾದ್ರಿಯೊಬ್ಬರ ಮಗಳಾದ ಆಕೆ 1796ರಲ್ಲಿ ಒಂದು ಕಾದಂಬರಿಯನ್ನು ಆರಂಭಿಸಿ ಮರುವರ್ಷ ಮುಗಿಸಿದಳು. ತಂದೆ ಅದನ್ನು ಲಂಡನ್ನಿನ ಪ್ರಕಾಶಕನೊಬ್ಬನಿಗೆ ಕಳುಹಿಸುವೆನೆಂದು ಪತ್ರ ಬರೆದರೆ, ಆತ ಹಸ್ತಪ್ರತಿಯನ್ನು ನೋಡದೆಯೇ ಬೇಡವೆಂದ. ಅದೇ ಕಥೆ ತಿದ್ದಿ ತೀಡಿದ ರೂಪದಲ್ಲಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಎಂಬ ಹೆಸರಿನಿಂದ 1813ರಲ್ಲಿ ಹೊರಬಂದಿತು. ಅದರ ಮೇಲೆ ಲೇಖಕಿಯ ಹೆಸರಿರಲಿಲ್ಲ. ಆಕೆಗೆ ಬರೆಯಲು ಪ್ರತ್ಯೇಕ ಕೋಣೆಯೂ ಇರಲಿಲ್ಲ. ಮನೆಯವರೆಲ್ಲ ಓಡಾಡುವ ಕೋಣೆಯಲ್ಲಿ ಸಣ್ಣ ಸಣ್ಣ ಹಾಳೆಗಳ ಮೇಲೆ ಬರೆಯುತ್ತಿದ್ದಳೆಂದೂ, ಕಿರುಗುಟ್ಟುವ ಬಾಗಿಲನ್ನು ಸರಿಪಡಿಸಲು ಬಿಡುತ್ತಿರಲಿಲ್ಲವೆಂದೂ ಆಕೆಯ ಸೋದರನ ಮಗ ಬರೆದಿದ್ದಾನೆ. ಯಾರೋ ಬರುತ್ತಿದ್ದಾರೆಂಬ ಸೂಚನೆಯನ್ನು ಆ ಬಾಗಿಲು ಕೊಡುತ್ತಿತ್ತು. ಆಕೆ ಹಾಳೆಗಳನ್ನು ಮುಚ್ಚಿಡುತ್ತಿದ್ದಳು. ಲೋಕವನ್ನು ಎರಡು ಶತಮಾನಗಳಿಂದ ನಗಿಸುತ್ತಿರುವ ಕಥೆಗಳು ಹೀಗೆ ಬಚ್ಚಿಟ್ಟು ಬರೆದವು!

ನಮ್ಮ ನಾಡಿನಲ್ಲಿಯೂ ಬಾಗಿಲು ಕಿರುಗುಟ್ಟುವ ಮನೆಗಳಿಗೆ ಬರವಿರಲಿಲ್ಲ. ಎಂ. ಕೆ. ಇಂದಿರಾ ಅವರು 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಶಾಲೆಯ ಓದು ಏಳು ವರ್ಷ. ಹನ್ನೆರಡನೆಯ ವಯಸ್ಸಿಗೆ ಮದುವೆ. ಕಾದಂಬರಿ ಬರೆಯಲು ತೊಡಗಿದಾಗ ಅವರಿಗೆ ನಲವತ್ತೈದರ ಹತ್ತಿರ. ಅದುವರೆಗೆ ಏನು ಮಾಡುತ್ತಿದ್ದರು? ಸಂಸಾರ ಮಾಡುತ್ತಿದ್ದರು, ಕೇಳುತ್ತಿದ್ದರು. ಮಲೆನಾಡಿನ ತುಂಬಿದ ಮನೆಗಳ ಮಾತು, ಜಗಳ, ಸಂಭ್ರಮಗಳೆಲ್ಲ ಒಳಗೆ ಇಳಿದು ಕುಳಿತಿದ್ದವು. 1963ರಲ್ಲಿ ‘ತುಂಗಭದ್ರಾ’ ಹೊರಬಂದ ಮೇಲೆ ಕಟ್ಟೆಯೊಡೆದಂತೆ ಕಾದಂಬರಿಗಳು ಒಂದರ ಹಿಂದೊಂದು ಬಂದವು. ಅವರ ಬಹು ಗಣ್ಯವಾದ ಕೃತಿ 1976ರ ‘ಫಣಿಯಮ್ಮ’ ನಗೆಯ ಕಥೆಯಲ್ಲ, ಬಾಲವಿಧವೆಯೊಬ್ಬಳ ಬಾಳಿನ ಕಥೆ. ಅದಾದರೂ ತಾಯಿಯ ಬಾಯಿಂದ ಕೇಳಿ ತಿಳಿದುದೇ. ನಗುವನ್ನು ಕೇಳಿಸಿಕೊಂಡ ಕಿವಿಯೇ ನೋವನ್ನೂ ಕೇಳಿಸಿಕೊಂಡಿತ್ತು. ಬೇರೆ ಬೇರೆ ಕಿವಿಗಳು ಇರುವುದಿಲ್ಲ. ಇಂದಿರಾ ಅವರಿಗೆ ಬರೆಯಲು ಉತ್ತೇಜನವಿತ್ತವರು, ವಯಸ್ಸಿನಲ್ಲಿ ಅವರಿಗಿಂತ ಹನ್ನೊಂದು ವರ್ಷ ಚಿಕ್ಕವರಾದ ತ್ರಿವೇಣಿ. ಮನಶ್ಶಾಸ್ತ್ರವನ್ನು ಓದಿದ್ದ ತ್ರಿವೇಣಿ ಸುಮಾರು ಇಪ್ಪತ್ತು ಕಾದಂಬರಿಗಳನ್ನು ಬರೆದು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ತೀರಿಕೊಂಡರು. ಇವರೆಲ್ಲರ ಬರಹಕ್ಕೂ ಒಂದೇ ಹಣೆಪಟ್ಟಿ ಹಚ್ಚಿದವರಿದ್ದರು: ‘ಅಡುಗೆಮನೆಯ ಸಾಹಿತ್ಯ’. ಅಡುಗೆಮನೆಯಲ್ಲಿ ಬೆಂದುದನ್ನು ಉಂಡೇ ಈ ವಿಮರ್ಶಕರು ಬರೆಯಲು ಕೂಡುತ್ತಿದ್ದರೆಂಬುದು ಬೇರೆ ಮಾತು.

ಸ್ಫೂರ್ತಿಯೆಂದರೆ ಬೆಳದಿಂಗಳಲ್ಲಿ ಆಕಾಶದಿಂದ ಇಳಿಯುವ ವಸ್ತುವೆಂದು ನಾನೂ ಒಂದು ಕಾಲಕ್ಕೆ ಮಕ್ಕಳಿಗೆ ಹೇಳಿದ್ದುಂಟು. ಈ ಲೇಖಕಿಯರ ಬಾಳನ್ನು ನೋಡಿದ ಮೇಲೆ ಅದನ್ನು ಹೇಳುವ ಧೈರ್ಯ ಹೋಯಿತು. ಸ್ಫೂರ್ತಿ ಇರುವುದು ನೀರು ಸೇದುವ ಬಾವಿಯ ಬಳಿ, ಸಂತೆಯ ಚೌಕಾಸಿಯಲ್ಲಿ, ಹೆಣ್ಣು ನೋಡಲು ಬಂದವರ ಎದುರಿಗೆ ಉಪ್ಪಿಟ್ಟಿಗೆ ಉಪ್ಪು ಹಾಕಲು ಮರೆತ ಗಾಬರಿಯಲ್ಲಿ. ಅದನ್ನು ಕಂಡವರು ಬಹುಮಂದಿ. ದಿನವೂ ಒಂದು ಹೊತ್ತು ಕುಳಿತು ಅದನ್ನು ಮಾತಿಗಿಳಿಸುವವರು ಕೆಲವರು.

ನಮ್ಮ ರಾಜೇಶ್ವರದ ಸೀಮೆಗೆ ಇದು ಹೊಸ ವಿಚಾರವೇನೂ ಅಲ್ಲ. ಕಲ್ಯಾಣ ಇಲ್ಲಿಗೆ ದೂರವಿಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದನಂತೆ. ಹೆಂಡತಿ ಲಕ್ಕಮ್ಮ ಸಂತೋಷಪಡುವ ಬದಲು, ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಬಂದ ದಾರಿಗೇ ಅಟ್ಟಿದಳಂತೆ. ಈ ಪ್ರಸಂಗವನ್ನು ನಿಷ್ಠೆಗೆ ನಿದರ್ಶನವಾಗಿ ನಾವು ಬೋಧಿಸುತ್ತೇವೆ, ಬೋಧಿಸಬೇಕಾದದ್ದೇ. ಆದರೆ ಮೆಚ್ಚುಗೆ ನಿರೀಕ್ಷಿಸಿ ಬಂದ ಗಂಡ ಚೀಲ ಹೊತ್ತು ಮರಳುವಾಗಿನ ಮುಖವನ್ನು ಒಮ್ಮೆ ನೆನೆದು ನೋಡಿ. ದಾಂಪತ್ಯದ ಒಲವೂ ನಗೆಯೂ ಅಲ್ಲಿ ಒಟ್ಟಿಗೇ ಇವೆ.

ಈ ಬಗೆಯ ಕಾದಂಬರಿಗಳೆಲ್ಲವೂ ಚೆನ್ನಾಗಿರುತ್ತವೆಂದು ನಾನು ವಾದಿಸುವುದಿಲ್ಲ. ವಾರಪತ್ರಿಕೆಯ ಧಾರಾವಾಹಿಗೆ ಆತುರದಿಂದ ಬರೆದು, ಅದೇ ಶ್ರೀಮಂತ ನಾಯಕ, ಅದೇ ಬಡ ನಾಯಕಿ, ಅದೇ ಊಟಿಯ ಪ್ರವಾಸವನ್ನು ಹತ್ತು ಸಲ ಮಾರಿದವರಿದ್ದಾರೆ. ಅಂತಹ ಕೃತಿಗಳನ್ನು ಜೊಳ್ಳೆಂದು ತೂರಿಬಿಡಲು ಸಂಕೋಚವಿಲ್ಲ. ಆದರೆ ಗಂಭೀರ ಸಾಹಿತ್ಯದ ರಾಶಿಯಲ್ಲಿಯೂ ಜೊಳ್ಳು ಕಡಿಮೆಯಿಲ್ಲ. ಅದನ್ನು ತೂರಲು ಮಾತ್ರ ನಾವು ಮೊರವನ್ನೇ ಎತ್ತುವುದಿಲ್ಲ.

ಒಂದು ಕಾದಂಬರಿ ಒಬ್ಬ ಮನುಷ್ಯನನ್ನು ಕನ್ನಡಕ್ಕೆ ತರಬಲ್ಲದೆಂಬುದಕ್ಕೆ ಬೀchi ಎಂದೇ ನಾಡಿಗೆ ಪರಿಚಿತರಾದ ಬೀಚಿಯವರ ಬಾಳೇ ಸಾಕ್ಷಿ. ಹರಪನಹಳ್ಳಿಯವರಾದ ಅವರು ಪೊಲೀಸ್ ಇಲಾಖೆಯಲ್ಲಿ ನೌಕರಿಯಲ್ಲಿದ್ದವರು. ಕನ್ನಡದಲ್ಲಿ ಓದುವಂಥದು ಏನಿದೆ ಎಂದು ಉದಾಸೀನರಾಗಿದ್ದವರು ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ವನ್ನು ಓದಿ ಮನಸ್ಸು ತಿರುಗಿ, ಮುಂದೆ ನಾಡನ್ನೇ ನಗಿಸಿದರು.

ನಮ್ಮ ಭಾಗದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವುಂಟು. 1948ರವರೆಗೆ ಇದು ನಿಜಾಮರ ರಾಜ್ಯ. ಶಾಲೆ ಕಚೇರಿಗಳಲ್ಲಿ ಉರ್ದುವಿನದೇ ಮೇಲುಗೈ. ಮನೆಯ ಮಾತು ಕನ್ನಡವಾದರೂ ಕನ್ನಡದ ಅಕ್ಷರ ಅನೇಕ ಮನೆಗಳನ್ನು ತಡವಾಗಿ ಹೊಕ್ಕಿತು, ಹೆಂಗಸರ ಕೈಗೆ ಇನ್ನೂ ತಡವಾಗಿ ಬಂದಿತು. ಆ ಹುಡುಗಿಯ ವೈನಿ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳೆಂದೂ, ಕಲಿತ ಅಕ್ಷರ ಮರೆಯದಂತೆ ಉಳಿಸಿಕೊಂಡದ್ದು ಇಂತಹ ಕಾದಂಬರಿಗಳಿಂದಲೇ ಎಂದೂ, ಆ ಪುಸ್ತಕ ಓಣಿಯ ಏಳೆಂಟು ಮನೆಗಳಿಗೆ ಸರದಿಯ ಮೇಲೆ ಹೋಗುತ್ತಿತ್ತೆಂದೂ ನನಗೆ ತಿಳಿದದ್ದು ಆಕೆಯ ಗಂಡನಿಂದ. ಪುಸ್ತಕವನ್ನು ಕೇಳಲು ಆತ ಸಂಕೋಚದಿಂದ ನನ್ನ ಮನೆಯ ಬಾಗಿಲಿಗೆ ಬಂದಿದ್ದ. “ಮುಂದಿನ ಸರದಿಯವರು ದಿನಾ ಕೇಳ್ಲಿಕ್ಕತ್ತಾರ್ರೀ ಗುರುಗಳೇ” ಎಂದ. ಉದುರುತ್ತಿದ್ದ ಹಾಳೆಗಳಿಗೆ ದಾರ ಹಾಕಿ ಹೊಲಿದು, ಹಳೆಯ ಪಂಚಾಂಗದ ಹಾಳೆಯ ಹೊದಿಕೆ ಹಚ್ಚಿ ಕೊಟ್ಟೆ.

ಆ ಹುಡುಗಿ ಪರೀಕ್ಷೆ ಮುಗಿಸಿ, ಮದುವೆಯಾಗಿ ಸೋಲಾಪುರದ ಕಡೆಗೆ ಹೋದಳು. ಅಂದು ತರಗತಿಯಲ್ಲಿ ಅವಳು ನಗುತ್ತಿದ್ದದ್ದು ಮಾವ ಪತ್ರ ಓದುವ ಪುಟಕ್ಕೇ ಇರಬೇಕೆಂದು ನನ್ನ ಊಹೆ. ಕೇಳಬಹುದಾಗಿತ್ತು, ಕೇಳಲಿಲ್ಲ.