ಬಿಟ್ಟ ಮೇಲೂ ಉಳಿಯುವ ವ್ಯಸನ

‘ವ್ಯಸನ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಬಿಡಲಾಗದ ದುಶ್ಚಟವೆಂಬುದು ಒಂದು, ದುಃಖವೆಂಬುದು ಇನ್ನೊಂದು. ಬೇಟೆ, ಜೂಜು, ಮದ್ಯಪಾನ ಮೊದಲಾದವನ್ನು ಸಪ್ತವ್ಯಸನಗಳೆಂದು ಎಣಿಸಿದ ಪ್ರಾಚೀನರು ಮೊದಲನೆಯ ಅರ್ಥವನ್ನು ಹಿಡಿದರು. ಮಗನನ್ನು ಕಳೆದುಕೊಂಡ ತಾಯಿ ವ್ಯಸನದಲ್ಲಿದ್ದಾಳೆ ಎನ್ನುವಾಗ ಜನರು ಎರಡನೆಯದನ್ನು ಹಿಡಿಯುತ್ತಾರೆ. ತಪ್ಪನ್ನೂ ಸಂಕಟವನ್ನೂ ಒಂದೇ ಶಬ್ದದಲ್ಲಿ ಇರಿಸಿದ ಭಾಷೆಯ ವಿವೇಕ ದೊಡ್ಡದು. ಆದರೆ ಮಾದಕದ್ರವ್ಯಕ್ಕೆ ಸಿಕ್ಕಿದ ತರುಣನ ವಿಷಯದಲ್ಲಿ ಸಮಾಜವು ತಪ್ಪನ್ನು ಮಾತ್ರ ಕಾಣುತ್ತದೆ. “ಮನಸ್ಸು ಗಟ್ಟಿಯಿದ್ದರೆ ಬಿಡುತ್ತಿದ್ದ” ಎಂಬುದೊಂದೇ ಅದರ ತೀರ್ಪು. ಕೊಕೇನ್ ಎಂಬ ದ್ರವ್ಯವು ಮೆದುಳಿನಲ್ಲಿ ಉಂಟುಮಾಡುವ ಮಾರ್ಪಾಡನ್ನು ಅರಿತವರಿಗೆ ಈ ತೀರ್ಪು ಅರೆಸತ್ಯವೆಂದು ತೋರದಿರದು.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರದೇಶದ ಜನರು ಕೋಕಾ ಗಿಡದ ಎಲೆಯನ್ನು ಸಾವಿರಾರು ವರ್ಷಗಳಿಂದ ಅಗಿಯುತ್ತ ಬಂದವರು. ಆ ಎಲೆಯಿಂದ ಕೊಕೇನನ್ನು ಬೇರ್ಪಡಿಸಿದ ಜರ್ಮನಿಯ ಆಲ್ಬರ್ಟ್ ನೀಮನ್ ಅವರ ಪ್ರಬಂಧ ಪ್ರಕಟವಾದುದು ೧೮೬೦ರಲ್ಲಿ. ೧೮೮೪ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಅವರು ಕಣ್ಣಿನ ಶಸ್ತ್ರಚಿಕಿತ್ಸೆಯ ನೋವನ್ನು ಇದರಿಂದ ತಡೆಯಬಹುದೆಂದು ತೋರಿಸಿ ಲೋಕಕ್ಕೆ ಉಪಕಾರ ಮಾಡಿದರು. ಅದೇ ವರ್ಷ ಸಿಗ್ಮಂಡ್ ಫ್ರಾಯ್ಡ್ ಅವರು ಇದನ್ನು ಹೊಗಳಿ ಬರೆದರು. ಮಾರ್ಫಿನ್ ಚಟಕ್ಕೆ ಸಿಕ್ಕಿದ್ದ ತಮ್ಮ ಮಿತ್ರ ಎರ್ನ್ಸ್ಟ್ ಫ್ಲೈಶ್ಲ್ ಅವರಿಗೆ ಔಷಧವೆಂದು ಕೊಟ್ಟರು. ನಾಯಿಯನ್ನು ಓಡಿಸಲು ಹುಲಿಯನ್ನು ಕರೆದಂತಾಯಿತು. ಫ್ಲೈಶ್ಲ್ ಅವರು ಕೊಕೇನಿಗೂ ದಾಸರಾಗಿ ೧೮೯೧ರಲ್ಲಿ ತೀರಿಕೊಂಡರು. ಅಮೆರಿಕದ ಮಹಾ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರೂ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಳ್ಳಲು ಹೋಗಿ ಈ ಬಲೆಗೆ ಬಿದ್ದರು. ಇವರೆಲ್ಲ ಬುದ್ಧಿಹೀನರೆಂದು ಹೇಳುವ ಧೈರ್ಯ ಯಾರಿಗಿದೆ?

ಮೆದುಳಿನ ನರಕೋಶಗಳು ಒಂದಕ್ಕೊಂದು ಸಂದೇಶ ಕಳುಹಿಸುವ ರಾಸಾಯನಿಕಗಳಲ್ಲಿ ಡೋಪಮಿನ್ ಒಂದು. ಹಸಿದವನಿಗೆ ಅನ್ನ ದೊರೆತಾಗ, ಪರಿಶ್ರಮಕ್ಕೆ ಫಲ ಸಿಕ್ಕಾಗ ಅದು ಸ್ರವಿಸುತ್ತದೆ. ಕೆಲಸ ಮುಗಿದೊಡನೆ ನರಕೋಶವು ಅದನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ಕೊಕೇನ್ ಹೀಗೆ ಹೀರಿಕೊಳ್ಳುವ ಬಾಗಿಲನ್ನೇ ಮುಚ್ಚುತ್ತದೆ. ಕೋಡಿ ಕಟ್ಟಿದ ಕೆರೆಯಂತೆ ಡೋಪಮಿನ್ ತುಂಬಿ ನಿಲ್ಲುತ್ತದೆ. ದಿನದಿನವೂ ಪ್ರವಾಹ ಬಂದರೆ ಮೆದುಳು ತನ್ನನ್ನು ಕಾಪಾಡಿಕೊಳ್ಳಲು ಡೋಪಮಿನನ್ನು ಬರಮಾಡಿಕೊಳ್ಳುವ ಗ್ರಾಹಕಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ಆಗ ತಾಯಿಯ ಕೈತುತ್ತು, ಗೆಳೆಯರ ಮಾತು, ಓದಿನ ಸುಖ ಎಲ್ಲವೂ ಸಪ್ಪೆಯಾಗುತ್ತವೆ.

ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ ನೋರಾ ವೋಲ್ಕೋ ಮತ್ತು ಅವರ ಸಂಗಡಿಗರು ೧೯೯೩ರಲ್ಲಿ ಪ್ರಕಟಿಸಿದ ಶೋಧನೆಯಂತೆ, ಗ್ರಾಹಕಗಳ ಈ ಕೊರತೆಯು ಕೊಕೇನ್ ಬಿಟ್ಟು ೩–೪ ತಿಂಗಳಾದ ಮೇಲೂ ಉಳಿದಿತ್ತು. ಅದರೊಡನೆ ಹಣೆಯ ಹಿಂದಿನ ಮೆದುಳಿನ ಚಟುವಟಿಕೆಯೂ ಕುಂದಿತ್ತು. ಹಿತಾಹಿತಗಳನ್ನು ತೂಗಿ “ಬೇಡ” ಎನ್ನುವ ಶಕ್ತಿಗೆ ಆಧಾರವಾದ ಭಾಗವಿದು. ಕೇಂಬ್ರಿಜ್‌ನ ಕರೆನ್ ಎರ್ಶೆ ಮತ್ತು ಸಂಗಡಿಗರು ೨೦೧೨ರಲ್ಲಿ ತೋರಿಸಿದಂತೆ, ವಯಸ್ಸಿನೊಡನೆ ಎಲ್ಲರಲ್ಲಿಯೂ ಸವೆಯುವ ಮೆದುಳಿನ ಬೂದುದ್ರವ್ಯವು ಇತರರಲ್ಲಿ ವರ್ಷಕ್ಕೆ ೧.೬೯ ಮಿಲಿಲೀಟರ್ ಕಡಿಮೆಯಾದರೆ ಕೊಕೇನ್ ವ್ಯಸನಿಗಳಲ್ಲಿ ೩.೦೮ ಮಿಲಿಲೀಟರ್ ಕಡಿಮೆಯಾಗುತ್ತಿತ್ತು.

“ಹುಟ್ಟುಗುಣ ಸುಟ್ಟರೂ ಹೋಗದು” ಎಂಬ ಗಾದೆಯನ್ನು ಇಲ್ಲಿ ತರುವವರುಂಟು. ಅದೇ ಎರ್ಶೆ ಅವರ ೨೦೧೨ರ ಇನ್ನೊಂದು ಶೋಧನೆ ಅದಕ್ಕೆ ಉತ್ತರ ಕೊಡುತ್ತದೆ. ಕೊಕೇನಿನಂತಹ ಉತ್ತೇಜಕಗಳ ವ್ಯಸನಿಗಳನ್ನೂ ಅವರ ಒಡಹುಟ್ಟಿದ ನಿರ್ವ್ಯಸನಿಗಳನ್ನೂ ಪರೀಕ್ಷಿಸಿದಾಗ, ಆತ್ಮಸಂಯಮಕ್ಕೆ ಸಂಬಂಧಿಸಿದ ಕೆಲವು ದೌರ್ಬಲ್ಯಗಳು ಇಬ್ಬರಲ್ಲಿಯೂ ಕಂಡುಬಂದುವು. ಆದರೂ ಒಬ್ಬರು ಬಿದ್ದರು, ಇನ್ನೊಬ್ಬರು ಬೀಳಲಿಲ್ಲ. ಹುಟ್ಟಿನಿಂದ ಬಂದುದು ಅಪಾಯವೇ ಹೊರತು ಹಣೆಬರಹವಲ್ಲ.

ಬಿಟ್ಟವನನ್ನು ಕಾಡುವುದು ಶಾಸ್ತ್ರಕಾರರು ‘ವಾಸನೆ’ ಎಂದು ಕರೆದ ಶೇಷಸಂಸ್ಕಾರ. ೧೯೯೯ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೊಕೇನ್ ಸೇವನೆಯ ಚಿತ್ರವನ್ನು ಕಂಡ ಮಾತ್ರಕ್ಕೇ ವ್ಯಸನಮುಕ್ತಿಯ ಚಿಕಿತ್ಸೆಯಲ್ಲಿದ್ದವರ ಮೆದುಳಿನ ಭಾವಕೇಂದ್ರಗಳು ಕೆರಳಿದುವು. ೨೦೦೧ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವು ಇನ್ನೂ ವಿಸ್ಮಯಕರ. ಕೊಕೇನ್ ನಿಲ್ಲಿಸಿದ ಮೇಲೆ ಅದರ ಸಂಕೇತಗಳು ಎಬ್ಬಿಸುವ ಹಂಬಲವು ದಿನ ಕಳೆದಂತೆ ತಗ್ಗದೆ, ೬೦ ದಿನಗಳವರೆಗೂ ಏರುತ್ತ ಹೋಯಿತು. ಹೊರಗೆ ಶಾಂತನಾಗಿ ಕಾಣುವ ತರುಣನು ಹಳೆಯ ಬೀದಿ, ಹಳೆಯ ಸಹವಾಸ ಕಂಡೊಡನೆ ಏಕೆ ಜಾರುತ್ತಾನೆಂಬುದು ಇದರಿಂದ ತಿಳಿದೀತು.

ಹೀಗೆಂದರೆ ವ್ಯಸನಿಗೆ ಹೊಣೆಯೇ ಇಲ್ಲವೆ ಎಂದು ಕೇಳಬಹುದು. ಬೇಡವೆಂದರೂ ಮರ ಹತ್ತಿ ಬಿದ್ದು ಕಾಲು ಮುರಿದುಕೊಂಡವನು ಹತ್ತಿದ್ದಕ್ಕೆ ಹೊಣೆಗಾರನೇ ಸರಿ. ಆದರೆ ಮರುದಿನ ಅವನನ್ನು ಓಡೆಂದು ಯಾರೂ ಗದರುವುದಿಲ್ಲ; ಮೂಳೆ ಕೂಡುವವರೆಗೆ ಹೆಗಲು ಕೊಡುತ್ತಾರೆ. ಸಂಯಮದ ಅಂಗಕ್ಕೇ ಪೆಟ್ಟು ಬಿದ್ದವನನ್ನು ಸಂಯಮವಿಲ್ಲವೆಂದು ಜರೆಯುವುದು ಕುಂಟನನ್ನು ನಡಿಗೆಗಾಗಿ ಜರೆದಂತೆ.

ಕೊಕೇನ್ ವ್ಯಸನವನ್ನು ಗುಣಪಡಿಸುವ ಸಿದ್ಧೌಷಧ ಇನ್ನೂ ದೊರೆತಿಲ್ಲ. ಆಪ್ತಸಲಹೆ, ದ್ರವ್ಯದಿಂದ ದೂರವಿದ್ದ ಪ್ರತಿ ಹೆಜ್ಜೆಗೂ ಚಿಕ್ಕ ಬಹುಮಾನ ಕೊಟ್ಟು ಪ್ರೋತ್ಸಾಹಿಸುವ ಪದ್ಧತಿ, ಹಳೆಯ ಸಹವಾಸದ ತ್ಯಾಗ, ದೀರ್ಘಕಾಲದ ತಾಳ್ಮೆ, ಇವೇ ಮದ್ದು. ದೀರ್ಘ ಸಂಯಮದಿಂದ ಮೆದುಳು ಕಳೆದುಕೊಂಡುದರಲ್ಲಿ ಕೆಲವಂಶವನ್ನು ಮರಳಿ ಪಡೆಯುತ್ತದೆಂಬುದು ಆಶಾದಾಯಕ. ಭಾರತದ ೧೯೮೫ರ ಮಾದಕದ್ರವ್ಯ ಕಾಯಿದೆಯು ಕಠಿಣವಾದುದು. ಆದರೂ ತಾನಾಗಿಯೇ ಚಿಕಿತ್ಸೆಗೆ ಬಂದು ಅದನ್ನು ಪೂರೈಸುವ ವ್ಯಸನಿಗೆ, ಸೇವನೆ ಅಥವಾ ಅಲ್ಪಪ್ರಮಾಣದ ಅಪರಾಧಗಳಲ್ಲಿ, ಅದರ ೬೪-ಎ ವಿಧಿಯು ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಕಾಯಿದೆಗೇ ಇರುವ ಈ ದಯೆ ಮನೆಯವರಿಗೂ ಗುರುಗಳಿಗೂ ಇರಬೇಡವೆ?

ತರುಣರು ನೆನಪಿಡಬೇಕಾದ ಮಾತು ಒಂದೇ. ಮೊದಲ ಸಲ “ಬೇಡ” ಎನ್ನುವಾಗ ಮನಸ್ಸು ಪೂರ್ಣ ಸ್ವತಂತ್ರ. ಆಮೇಲೆ ಪ್ರತಿ ಸಲವೂ ಆ ಸ್ವಾತಂತ್ರ್ಯ ಕುಗ್ಗುತ್ತದೆ. ಹಿರಿಯರು ನೆನಪಿಡಬೇಕಾದುದೂ ಒಂದೇ. ಬಿಟ್ಟವನು ಮತ್ತೆ ಜಾರಿದರೆ ಬಾಗಿಲು ಮುಚ್ಚಬಾರದು. ವ್ಯಸನವೆಂಬ ಶಬ್ದದ ಎರಡನೆಯ ಅರ್ಥವನ್ನು ಮರೆಯದವರೇ ಮೊದಲನೆಯದನ್ನು ನೀಗಿಸಬಲ್ಲರು.