ಬಾಡಿದ್ದು ಬೇರೆ, ಕೆಟ್ಟದ್ದು ಬೇರೆ

ಮೊಬೈಲ್ ಕೊಳ್ಳುವಾಗ ಹತ್ತು ರಿವ್ಯೂ ನೋಡುವ ನಾವು ತರಕಾರಿ ಕೊಳ್ಳುವಾಗ ಮಾತ್ರ ಹೊಳಪಿಗೆ ಮರುಳಾಗುತ್ತೇವೆ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನನ್ನಂಥವರಿಗೆ ಬಾಡಿಗೆ, ಕೋಚಿಂಗ್ ಫೀಸು ಕಡಿಮೆ ಮಾಡಿಕೊಳ್ಳಲು ಆಗದು. ಹಿಡಿತಕ್ಕೆ ಸಿಗುವುದು ಅಡುಗೆಯ ಖರ್ಚೊಂದೇ. ಅದು ಉಳಿಯಬೇಕೆಂದರೆ ಬಾಡಿದ್ದಕ್ಕೂ ಕೆಟ್ಟದ್ದಕ್ಕೂ ಇರುವ ವ್ಯತ್ಯಾಸ ತಿಳಿದಿರಬೇಕು.

ಕತ್ತಲಾದ ಮೇಲೆ ತಳ್ಳುಗಾಡಿಯಲ್ಲಿ ಸೊಪ್ಪಿನ ಬೆಲೆ ಇಳಿಯುತ್ತದೆ. ಜೋತುಬಿದ್ದ ಪಾಲಕ್, ರಾಜಗಿರಿ ನೀರಿನಂಶ ಕಳೆದುಕೊಂಡಿರುತ್ತವೆ, ಅಷ್ಟೇ. ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಚೇತರಿಸಿಕೊಳ್ಳುತ್ತವೆ. ಅಂದೇ ಪಲ್ಯ ಮಾಡುವವರಿಗೆ ಅದು ಲಾಭದ ವ್ಯಾಪಾರ. ಆದರೆ ಎಲೆ ಹಳದಿಯಾಗಿದ್ದರೆ, ಕಟ್ಟಿನ ನಡುವೆ ಲೋಳೆ ಕಂಡರೆ ಪುಕ್ಕಟೆ ಕೊಟ್ಟರೂ ಬೇಡ. ನೀರು ಚಿಮುಕಿಸಿದರೆ ಯಾವ ಸೊಪ್ಪಾದರೂ ಹೊಳೆಯುತ್ತದೆ. ಆದ್ದರಿಂದ ಕಟ್ಟು ತಿರುಗಿಸಿ ಬುಡ ನೋಡಿ.

ಬದನೆಕಾಯಿಯ ತೊಟ್ಟು ಹಸಿರಾಗಿರಬೇಕು. ಬೀನ್ಸ್ ಚಟ್ಟನೆ ಮುರಿಯಬೇಕು. ಆಲೂಗಡ್ಡೆ ಗಟ್ಟಿಯಾಗಿದ್ದರೂ ಹಸಿರು ತಿರುಗಿದ್ದರೆ ಬಿಟ್ಟುಬಿಡಿ. ಬೆಳಕಿಗೆ ಬಿದ್ದು ಅದರಲ್ಲಿ ಸೊಲನಿನ್ ಎಂಬ ವಿಷಕಾರಿ ಅಂಶ ಹೆಚ್ಚಿರಬಹುದು. ಮೊಟ್ಟೆಯನ್ನು ನೀರಿಗೆ ಹಾಕಿದಾಗ ತಳದಲ್ಲಿ ಅಡ್ಡ ಮಲಗಿದರೆ ಹೊಸದು, ನೆಟ್ಟಗೆ ನಿಂತರೆ ಹಳೆಯದು, ಬೇಗ ಬೇಯಿಸಿ ತಿನ್ನಬೇಕು. ತೇಲಿದರೆ ಎಸೆಯುವುದೇ ಸರಿ.

ಬೆಂಡೆಕಾಯಿಯ ತುದಿ ಮುರಿದು ನೋಡುವ ಅಭ್ಯಾಸ ಮಾತ್ರ ನನಗೆ ಒಪ್ಪಿಗೆಯಿಲ್ಲ. ಹತ್ತು ಮುರಿದು ಎರಡು ಆರಿಸಿಕೊಂಡರೆ ಉಳಿದ ಎಂಟರ ನಷ್ಟ ಗಾಡಿಯವರದು. ನಮ್ಮಷ್ಟೇ ಕಷ್ಟದಲ್ಲಿರುವವರ ಹೊಟ್ಟೆಯ ಮೇಲೆ ಹೊಡೆದು ನಾವು ಜಾಣರಾಗುವುದು ಬೇಡ. ಎಳೆಯದೋ ಬಲಿತದ್ದೋ ಎಂಬುದು ಮೆಲ್ಲಗೆ ಒತ್ತಿದರೂ ಬೆರಳಿಗೆ ತಿಳಿಯುತ್ತದೆ.

ಪ್ಯಾಕೆಟ್ ಮೇಲಿನ ದಿನಾಂಕದ ಲೆಕ್ಕವೂ ಹೀಗೆಯೇ. ‘ಬೆಸ್ಟ್ ಬಿಫೋರ್’ ಎಂದರೆ ಅಲ್ಲಿಯವರೆಗೆ ರುಚಿ, ಗುಣಮಟ್ಟ ಚೆನ್ನಾಗಿರುತ್ತದೆ ಎಂದು. ‘ಯೂಸ್ ಬೈ’ ಅಥವಾ ಎಕ್ಸ್‌ಪೈರಿ ಎಂದಿದ್ದರೆ ಆ ದಿನ ದಾಟಿದ ಮೇಲೆ ತಿನ್ನಲೇಬಾರದು. ಒಂದು ಕೊಂಡರೆ ಒಂದು ಉಚಿತ ಎಂದಾಗಲಂತೂ ದಿನಾಂಕವನ್ನೇ ಮೊದಲು ಓದಬೇಕು.

ನಿಮಿಷಗಳಲ್ಲಿ ಮನೆಗೆ ತಂದುಕೊಡುವ ಆ್ಯಪ್‌ಗಳು ಬೇಡ ಎನ್ನುತ್ತಿಲ್ಲ. ಆದರೆ ಫೋಟೊದಲ್ಲಿ ಎಲ್ಲ ಬದನೆಯೂ ತಾಜಾ ಆಗಿಯೇ ಇರುತ್ತದೆ. ವಾರಕ್ಕೊಮ್ಮೆಯಾದರೂ ಚೀಲ ಹಿಡಿದು ಸಂತೆಗೆ ಹೋಗೋಣ. ಮುಟ್ಟಿ ನೋಡದೆ ಈ ವಿದ್ಯೆ ಯಾರ ಕೈಗೂ ಹತ್ತುವುದಿಲ್ಲ.